ಬಿಟ್ಟ ಪಾಳಿಯ ಸಂಭಾವನೆ

ಮತ್ತೆ ಅದೇ ನೀಲಿ ದೀಪ, ಸಿನಗಾಗ್ ಬಾಗಿಲಲ್ಲಿ, ಯಹೂದಿಗಳ ಈ ಪ್ರಾರ್ಥನಾ ಮಂದಿರದ ಕಾವಲಿಗೆ ನಿಂತ ಪೊಲೀಸ್ ಕಾರಿನದು, ಮೋಡ ಕವಿದ ಈ ಬೆಳಿಗ್ಗೆಯಲ್ಲಿ ಸದ್ದಿಲ್ಲದೆ ತಿರುಗಿ ತಿರುಗಿ ಪಾಠದ ಕೋಣೆಯ ಕಿಟಕಿಯ ಮೇಲೆ ಬೀಳುತ್ತದೆ, ಕಿಟಕಿಯ ಪಕ್ಕ ಲೀಲಾಳ ಕುರ್ಚಿ, ಇನ್ನೂ ಖಾಲಿ — ಪಾಠಕ್ಕೆ ಮುಂಚೆ ರಬ್ಬಿ ಹತ್ರ ಮಾತಾಡ್ತೀನಿ, ನೀನು ಕಾರಲ್ಲೇ ಇರು ಅಮ್ಮಾ, ಒಳಗೆ ಬರಬೇಡ, ಲಾರೆನ್ಸ್‌ವಿಲ್‌ನಿಂದ ಅಟ್ಲಾಂಟಾವರೆಗೂ ಆಡಿದ್ದು ಅದೊಂದೇ ಮಾತು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ನಾನೇನು ಕದ್ದೆನೇ, ಆ ಗುರುಗಳೇ ಕರೆದು ಕೊಟ್ಟ ದುಡ್ಡಿನ ಲಕೋಟೆ, ಲೀಲಾ, ಭಾನುವಾರ ಕಾಫಿ ಅಂಗಡಿಯ ಕೆಲಸ ಬಿಟ್ಟು ನಮ್ಮ ಧರ್ಮಗ್ರಂಥ ತೋರಾ ಓದಲು ಬಾ, ತಪ್ಪಿದ ಸಂಬಳ ನಾವು ಕೊಡುತ್ತೇವೆ ಎಂದು. ಆಮೇಲೆ ಅಂಗಡಿಯೇ ಮುಚ್ಚಿತು. ಇನ್ನು ತಗೋಬಾರ್ದು ಅಮ್ಮಾ, ಓದೋದಕ್ಕೆ ದುಡ್ಡು ತಗೊಳ್ಳೋ ಹಾಗಿಲ್ಲ, ಬಿಟ್ಟ ಶಿಫ್ಟ್‌ಗೆ ಮಾತ್ರ, ಈಗ ಶಿಫ್ಟೇ ಇಲ್ವಲ್ಲ — ಸುಮ್ನಿರೇ ಅಂದೆ, ಮೈಸೂರಲ್ಲಿ ನಮ್ಮ ತಾತ ಪಾರಾಯಣ ಮುಗಿಸಿ ಎದ್ದರೆ ಸಂಭಾವನೆ ಕೊಡೋರು, ವಾಪಸ್ ಕೊಟ್ಟರೆ ಕೊಟ್ಟವರಿಗೆ ಅವಮಾನ. ಇವಳಪ್ಪ ಈಥನ್‌ನನ್ನು ಮದುವೆಯಾಗಲು ಅವರ ಧರ್ಮಕ್ಕೆ ಸೇರಿದೆ, ಶುಕ್ರವಾರ ಸಂಜೆ ಅವರಂತೆ ದೀಪ ಹಚ್ಚಿದೆ, ಆದರೂ ತಾತ ಸಂಭಾವನೆ ಕಟ್ಟಿ ತರುತ್ತಿದ್ದ ಶಲ್ಯದ ಗಂಟು ಮನಸ್ಸಿನಿಂದ ಬಿಚ್ಚಿಹೋಗಿಲ್ಲ. ಅದಕ್ಕೇ ಮೊನ್ನೆ ರಬ್ಬಿ ಫೋನ್ ಮಾಡಿ, ಯಾಮಿನಿ, ಅವಳ ಭಾನುವಾರದ ಕೆಲಸ ಇನ್ನೂ ಇದೆ ತಾನೇ ಎಂದಾಗ, ಇದೆ ಎಂದುಬಿಟ್ಟೆ, ನಾಲಿಗೆ ತಡವರಿಸಲೂ ಇಲ್ಲ.

ಇವತ್ತು ಇಡ್ಲಿ ತಟ್ಟೆ ಮುಂದೆ ನಾನೇ ಬಾಯಿಬಿಟ್ಟೆ, ಸುಳ್ಳು ಹೇಳಿದ್ದು, ಅಂಗಡಿ ಮುಚ್ಚಿದ ಮೇಲೂ ಲಕೋಟೆ ತಗೊಂಡಿದ್ದು, ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು, ಮೆಲ್ಲಗೆ ಅಂದಳು, ಅಪ್ಪನ ಹೆಸರಲ್ಲಿ ಓದ್ತಾ ಇದ್ದೆ ಅಮ್ಮಾ, ಪುಣ್ಯ ಅಪ್ಪಂಗೆ ಹೋಗ್ಲಿ ಅಂತ, ಇಟ್ಸ್ ಆಲ್ ಡರ್ಟಿ ನೌ. ಕೋವಿಡ್‌ನಲ್ಲಿ ಹೋದ ಈಥನ್, ಆಸ್ಪತ್ರೆಯ ಗಾಜಿನಾಚೆ ನಿಂತು ನೋಡಿದೆವು ನಾವಿಬ್ಬರೂ, ಈಗ ಮತ್ತೆ ಗಾಜು, ನನ್ನ ಕಾರಿನದು, ಆ ಕಿಟಕಿಯದು — ಒಬ್ಬೊಬ್ಬರೇ ಬಂದು ಕೂರುತ್ತಿದ್ದಾರೆ, ಪುಸ್ತಕ ತೆರೆಯುತ್ತಿದ್ದಾರೆ, ರಬ್ಬಿಯೂ ಬಂದರು, ಅವಳು ಮಾತ್ರ ಇಲ್ಲ, ಇಳಿದು ಹೋಗಿ ಹೇಳಲೇ, ಸುಳ್ಳು ನನ್ನದು, ಮಗುವಿನದಲ್ಲ, ಆದರೆ ಬರಬೇಡ ಅಂದಿದ್ದಾಳೆ. ಅಗೋ ಬಂದಳು, ಕೂರಲಿಲ್ಲ, ಲಕೋಟೆಗಳನ್ನೆಲ್ಲ ರಬ್ಬಿಯ ಮುಂದಿಟ್ಟಳು, ಅವರು ಎದ್ದು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಾರೆ, ಕೂರು ಎಂದು ಜಾಗ ತೋರಿಸುತ್ತಿದ್ದಾರೆ, ಕ್ಷಮಿಸಿದ್ದಾರೆ, ಕೂತುಕೋ ಪುಟ್ಟಿ, ಕೂತುಕೋ, ಅವಳು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದಳು, ಹೊರಟಳು. ಈ ಬಾಗಿಲಿಂದ ಬರುತ್ತಾಳೆ, ಬಂದೇ ಬರುತ್ತಾಳೆ, ಹಿಂದಿನ ಬಾಗಿಲೂ ಒಂದಿದೆ, ಫೋನ್ ಎತ್ತುತ್ತಿಲ್ಲ, ಒಳಗೆ ಎಲ್ಲರೂ ತಲೆ ತಗ್ಗಿಸಿ ಓದತೊಡಗಿದ್ದಾರೆ, ನೀಲಿ ಬೆಳಕು ಬರುತ್ತದೆ, ಕುರ್ಚಿ, ಹೋಗುತ್ತದೆ, ಬರುತ್ತದೆ, ಒಳಕ್ಕೆ ತಳ್ಳಿದ ಕುರ್ಚಿ —