ಮಗನ ಕೈಯ ನೀರು

ಅವ್ವನ ಜೀವ ಹೋಗುವುದರಲ್ಲಿದೆ ಎಂದು ಕೇಳಿ ಸಿದ್ದಾರೂಢ ಎದ್ದುಬಿದ್ದು ಯಂಕಂಚಿಗೆ ಬಂದಾಗ ಮನೆಯಲ್ಲಿ ಅವಳೊಬ್ಬಳೇ ಮಲಗಿದ್ದಳು. ಅವನ ತಮ್ಮ ಡಾಕ್ಟರನ್ನು ಕರೆತರಲು ಸಿಂದಗಿಗೆ ಹೋಗಿದ್ದ. ತೊಂಬತ್ತಾರನೇ ಇಸವಿಯಲ್ಲಿ ಕೊರಳ ಲಿಂಗ ಬಿಚ್ಚಿಟ್ಟು, ಕೊಲ್ಹಾರದ ಹೊಳೆಯಲ್ಲಿ ಮುಳುಗಿ ಕ್ರೈಸ್ತ ದೀಕ್ಷಾಸ್ನಾನ ಪಡೆದ ಮೇಲೆ ಸಿದ್ದಾರೂಢ ಈ ಹೊಸ್ತಿಲು ತುಳಿದಿರಲಿಲ್ಲ.

"ನೀರು," ಎಂದಳು ಗುರಬಸವ್ವ.

ಅವನು ತಂಬಿಗೆ ತಂದ. ಅವಳು ಬಾಯಿ ಬಿಗಿದಳು. ಲಿಂಗವಿಲ್ಲದವರ ಕೈಯ ನೀರನ್ನು ಅವಳು ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ. ಅವನು ಬಿಟ್ಟುಹೋದ ಲಿಂಗವನ್ನೇ ದಿಂಬಿನ ಕೆಳಗಿನಿಂದ ತೆಗೆದು, ಅವನತ್ತ ಚಾಚಿದಳು.

"ಒಂದ್ ಗಳಿಗಿ ಕಟ್ಕೊಳ್ಳೋ ಯಪ್ಪಾ. ನೀರ ಕುಡದು ಹೊಕ್ಕೇನಿ."

"ಯವ್ವಾ, ಯೇಸುವಿಗೆ ಮಾತ ಕೊಟ್ಟೇನಿ. ಸುಳ್ಳ ಹೆಂಗ ಕಟ್ಕೊಳ್ಳಲಿ? ಹಿಂಗಽ ಕುಡಿ ಬೇ, ನಿನ್ನ ಕಾಲಿಗಿ ಬೀಳ್ತೇನಿ!"

"ನಿನ್ನ ಮಾತಿಗಿ ನೀ ಗಟ್ಟಿ. ನಾನೂ ನಿನ್ನ ಹಡದಾಕಿ ಅದೀನಿ."

ಇಬ್ಬರಲ್ಲಿ ಒಬ್ಬರಾದರೂ ಸೋಲಬಾರದಿತ್ತೇ! ಅವನು ಎದೆ ಬಡಿದುಕೊಳ್ಳುತ್ತ ಓಣಿಗೆ ಓಡಿದ. ಉರಿಬಿಸಿಲಿಗೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಕೊನೆಗೆ ಓಣಿಯ ತುದಿಮನೆಯ ಬಾಳಮ್ಮನನ್ನು ಕೈಹಿಡಿದು ಎಳೆದುತಂದ. ಲಿಂಗ ಕಟ್ಟಿದ ಬಾಳಮ್ಮ ಚಮಚದಿಂದ ನೀರು ಬಿಟ್ಟಳು. ನೀರು ಗಂಟಲಿಗೆ ಇಳಿಯಲಿಲ್ಲ. ಕಟಬಾಯಿಯಿಂದ ಹರಿದು ದಿಂಬು ನೆನೆಸಿತು.

ಸಿದ್ದಾರೂಢ ಅಂಗೈಯಿಂದ ಅವಳ ಗಲ್ಲ ಒರೆಸಿದ. ಈಗ ಅವ್ವ ಅವನ ಕೈಯನ್ನು ಬೇಡವೆನ್ನಲಿಲ್ಲ.