ತಾಮ್ರದ ಪಾತ್ರೆಯ ಪ್ರಶ್ನೆ

ಪರೀಕ್ಷೆ ಬರೆದು ಬಂದ ಮೇಲೆ ಪ್ರಶ್ನೆಪತ್ರಿಕೆ ಬಿಚ್ಚಿಕೊಂಡು ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಊರಿಗೆಲ್ಲ ಉಪದೇಶ ಮಾಡುವವರೇ ಹೊರಗೆ ಕಾಲಿಟ್ಟ ಕೂಡಲೇ "ಮೂರನೇದಕ್ಕೆ ಏನು ಬರೆದೆ?" ಎಂದು ಮೇಲೆ ಬೀಳುತ್ತಾರೆ. ಆ ದಿನವೂ ಹಾಗೇ ಆಯಿತು. ರಸಾಯನಶಾಸ್ತ್ರದ ಪತ್ರಿಕೆ ನಮ್ಮನ್ನು ಹಿಂಡಿ ಹಿಪ್ಪೆ ಮಾಡಿ ಹೊರಗೆ ಕಳಿಸಿತ್ತು. ಕಾಲೇಜಿನ ಗೇಟಿನೆದುರು ಬಸ್ ನಿಲ್ದಾಣದಲ್ಲಿ, ಒಂದು ಹಲಗೆ ಕಿತ್ತುಹೋದ ಬೆಂಚಿನ ಮೇಲೆ ನಾವು ನಾಲ್ವರೂ ಒತ್ತಿಕೊಂಡು ಕೂತಿದ್ದೆವು.

ನಮ್ಮದು ಸಂಜೆ ಕಾಲೇಜು. ಹಗಲೆಲ್ಲ ದುಡಿದು, ಸಂಜೆ ತೂಕಡಿಸಿಕೊಂಡು ಪಾಠ ಕೇಳುವವರು. ನಾನು ಹಲ್ಲಿನ ಡಾಕ್ಟರ ಹತ್ತಿರ ರೋಗಿಗಳಿಗೆ ಟೋಕನ್ ಕೊಡುವವಳು. ಇಸ್ತ್ರಿ ಅಂಗಡಿಯವನೊಬ್ಬನಿದ್ದ, ಏನೇ ಹೇಳಲಿ, "ಅಯ್ಯೋ" ಎಂದೇ ಶುರುಮಾಡುತ್ತಿದ್ದುದರಿಂದ ಅವನಿಗೆ ಅಯ್ಯೋ ಎಂದೇ ಹೆಸರು ಬಿದ್ದಿತ್ತು. ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವ ಹುಡುಗನಿಗೆ ನಾವಿಟ್ಟ ಹೆಸರು ಮೇಷ್ಟ್ರು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆದರೆ ಪಾಠ ಹೇಳಲು ನಿಂತರೆ ಕಲ್ಲಿಗೂ ಅರ್ಥವಾಗುತ್ತಿತ್ತು. ನಾಲ್ಕನೆಯವಳು, ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ, ನಮಗೆಲ್ಲ ಅಕ್ಕ. ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದು ತೊಳೆದು ಅವಳ ಕೈ ಬೆಳ್ಳಗೆ ಸುಕ್ಕುಗಟ್ಟಿತ್ತು. ರಸಾಯನಶಾಸ್ತ್ರ ಒಂದು ಪಾಸಾದರೆ ಅದೇ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಕೂರಬಹುದಿತ್ತು. ಕಾಲೇಜು ಕೊಡುವುದು ಮೂರೇ ಅವಕಾಶ, ಇದು ಅವಳ ಮೂರನೆಯದು. ಈ ಸಲ ಹೋದರೆ ಬದುಕಿರುವವರೆಗೂ ಆ ತೊಳೆಯುವ ತೊಟ್ಟಿಯ ಮುಂದೆ ನಿಲ್ಲುವುದೇ ಗತಿ.

ಪುಸ್ತಕವನ್ನೆಲ್ಲ ಓದುವಷ್ಟು ಬಿಡುವು ನಮ್ಮಲ್ಲಿ ಯಾರಿಗಿತ್ತು? ಅದಕ್ಕೇ ಪಾಠಗಳನ್ನು ಪಾಲು ಹಾಕಿಕೊಂಡಿದ್ದೆವು. ಒಬ್ಬೊಬ್ಬರು ತಮ್ಮ ಪಾಲಿನದನ್ನು ಓದಿ, ಭಾನುವಾರ ಅಯ್ಯೋನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಡಿಸಿಟ್ಟ ಬಟ್ಟೆಗಳ ನಡುವೆ, ಉಳಿದವರಿಗೆ ಹೇಳಿಕೊಡುವುದು. ಇನ್ನೊಬ್ಬರ ಪಾಲಿನ ಪಾಠವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ನೋಡುವುದಾದರೆ ಪಾಲು ಯಾಕೆ ಹಾಕಿಕೊಳ್ಳಬೇಕಿತ್ತು!

"ಅಯ್ಯೋ, ಆ ಐದನೇ ಪ್ರಶ್ನೆ ಯಾವ ಜನ್ಮದ ಸೇಡೋ" ಎಂದ ಅಯ್ಯೋ. "ಓದಿ ಮುಗಿಸೋ ಹೊತ್ತಿಗೇ ತಲೆ ಗಿರ್ ಅಂತು. ಒಂದು ಪುಟ ಖಾಲಿ ಬಿಟ್ಟು ಬಂದೆ."

"ನಾನು ಎರಡು ಬಿಟ್ಟೆ. ಸಂತೋಷವಾಯ್ತಾ? ಇನ್ನು ಆ ಕಾಗದ ಮಡಿಸಿಡು" ಎಂದೆ.

ಅಕ್ಕ ಮಾತ್ರ ನಗುತ್ತಿದ್ದಳು. ಹಿಂದಿನ ಎರಡು ಸಲವೂ ಇದೇ ಗೇಟಿನಿಂದ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದವಳು, ಈಗ ಪ್ರಶ್ನೆಪತ್ರಿಕೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಳು.

"ಬೇರೆಯವು ಹಾಳಾಗಿ ಹೋಗ್ಲಿ. ಆ ತಾಮ್ರದ ಪಾತ್ರೆ ಪ್ರಶ್ನೆ ಇದೆಯಲ್ಲ, ಎಲ್ಲಕ್ಕಿಂತ ದೊಡ್ಡದು, ಅದೊಂದು ನನ್ನ ಕೈ ಹಿಡೀತು. ನಮ್ಮ ಮೇಷ್ಟ್ರ ವಿಧಾನ ಹಾಕಿದೆ ನೋಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಅದು ಬಂದ್ಮೇಲೆ ನಾನು ಪಾಸ್. ಕೂಡಿ ನೋಡಿದೀನಿ."

ತಾಮ್ರದ ಪಾತ್ರೆಯಲ್ಲಿ ಜಿಂಕ್ ಸಲ್ಫೇಟ್ ದ್ರಾವಣ ತುಂಬಿಡಬಹುದೇ, ಪಾತ್ರೆಯನ್ನು ಅದು ತಿಂದುಹಾಕುತ್ತದೆಯೇ, ಲೆಕ್ಕ ಮಾಡಿ ಹೇಳಿ ಎಂಬುದು ಪ್ರಶ್ನೆ. ಅದರ ಕೆಳಗಿನ ಸಣ್ಣ ಪ್ರಶ್ನೆಗಳೆಲ್ಲ ಆ ಒಂದು ಉತ್ತರಕ್ಕೇ ಜೋತುಬಿದ್ದಿದ್ದವು. ಒಂದೊಂದು ಲೋಹಕ್ಕೆ ಒಂದೊಂದು ಸಂಖ್ಯೆ ಕೊಟ್ಟಿರುತ್ತಾರೆ. ಈ ಪಾಠ ಮೇಷ್ಟ್ರ ಪಾಲಿನದು. ಅವನು ನಮಗೆ ಹೇಳಿಕೊಟ್ಟಿದ್ದು ಸುಲಭ: ದೊಡ್ಡದರಲ್ಲಿ ಚಿಕ್ಕದನ್ನು ಕಳೆ, ಪ್ಲಸ್ ಬಂದರೆ ಕ್ರಿಯೆ ನಡೆಯುತ್ತದೆ. ನನಗೆ, ಅಕ್ಕನಿಗೆ, ಅಯ್ಯೋನಿಗೆ ಪ್ಲಸ್ ಬಂದಿತ್ತು. ಪಾತ್ರೆ ಕರಗುತ್ತದೆ, ಇಡಬಾರದು ಎಂದು ಮೂವರೂ ಬರೆದಿದ್ದೆವು.

ಅಕ್ಕ ಮೊಬೈಲ್ ಹಿಡಿದು ನಿಲ್ದಾಣದ ಆಚೆ ತುದಿಗೆ ಹೋದಳು. "ರೀ, ಆಯ್ತು ಕಣ್ರೀ, ಪಾಸಾದ ಹಾಗೇ. ಮಗಳಿಗೆ ಹೇಳಿ. ಇವತ್ತು ಅಡಿಗೆ ನೀವೇ ಮಾಡ್ಬೇಕು, ನಾನು ಒಲೆ ಹತ್ರಾನೂ ಬರಲ್ಲ" ಎಂದು ಗಂಡನ ಹತ್ತಿರ ಜೋರಾಗಿ ಹೇಳುತ್ತಿದ್ದುದು ರಸ್ತೆಗೆಲ್ಲ ಕೇಳಿಸುತ್ತಿತ್ತು.

ಆಗ ಮೇಷ್ಟ್ರು ಬಾಯಿಬಿಟ್ಟ.

"ಅದು ತಪ್ಪು" ಎಂದ. "ನಾನು ಹೇಳಿಕೊಟ್ಟಿದ್ದೇ ತಪ್ಪು."

ಅಯ್ಯೋನಿಗೆ ಅಯ್ಯೋ ಎನ್ನುವುದೂ ಮರೆತುಹೋಯಿತು.

"ದೊಡ್ಡದರಲ್ಲಿ ಚಿಕ್ಕದು ಕಳೆದ್ರೆ ಯಾವಾಗ್ಲೂ ಪ್ಲಸ್ಸೇ ಬರತ್ತಲ್ವಾ? ಹಾಗಾದ್ರೆ ಪ್ರಪಂಚದಲ್ಲಿ ಯಾವ ಪಾತ್ರೇನೂ ಉಳೀಬಾರ್ದು. ಹಾಲ್‌ನಲ್ಲಿ ಕೂತಾಗ ಹೊಳೀತು. ಯಾವುದು ಕರಗ್ಬೇಕೋ ಅದರ ಸಂಖ್ಯೇನ ಇನ್ನೊಂದರಿಂದ ಕಳೀಬೇಕು, ದೊಡ್ಡದಿರ್ಲಿ, ಚಿಕ್ಕದಿರ್ಲಿ. ಇಲ್ಲಿ ಮೈನಸ್ ಬರತ್ತೆ. ಪಾತ್ರೆಗೆ ಏನೂ ಆಗಲ್ಲ. ನಾವು ಮಾಡಿ ನೋಡಿದ ಲೆಕ್ಕದಲ್ಲೆಲ್ಲ ಕ್ರಿಯೆ ನಡೀತಿತ್ತು, ಅದಕ್ಕೇ ಗೊತ್ತೇ ಆಗ್ಲಿಲ್ಲ."

"ನೀನು ಸರಿಯಾದ್ದೇ ಬರೆದ್ಯಾ?" ಎಂದೆ.

ಅವನು ಹೌದೆಂದು ತಲೆ ಆಡಿಸಿದ.

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ನನ್ನ ಅಂಕ ಹೋದದ್ದಕ್ಕಲ್ಲ; ನಾನು ಬೇಕಾದರೆ ಇನ್ನೊಮ್ಮೆ ಬರೆಯಬಹುದಿತ್ತು. ಅಲ್ಲಿ ನಿಂತು ನಗುತ್ತಿದ್ದವಳ ಬೆನ್ನನ್ನು ನೋಡಲು ನನ್ನ ಕೈಲಾಗಲಿಲ್ಲ. "ಬಾಯಿ ಮುಚ್ಕೊಂಡಿರು" ಎಂದೆ. "ರಿಸಲ್ಟ್ ಬರೋವರೆಗಾದ್ರೂ ಆಕೆ ನೆಮ್ಮದಿಯಾಗಿ ಊಟ ಮಾಡ್ಲಿ. ಹೇಳಿ ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಹೋಗ್ಬೇಡ."

ಅಕ್ಕ ಬಂದು ಮತ್ತೆ ಅವನ ಪಕ್ಕದಲ್ಲೇ ಕೂತಳು. "ಯಾಕೋ ಮೇಷ್ಟ್ರೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ನೀನೇನು ಬರೆದೆ ಆ ಪಾತ್ರೆಗೆ?"

ನಾನು ಅವನ ಕಾಲು ತುಳಿದೆ. ಅವನು ಕಾಲು ಎಳೆದುಕೊಂಡ.

"ಇಡಬಹುದು ಅಂತ ಬರೆದೆ, ಅಕ್ಕ. ನಾನು ನಿಮಗೆ ತಪ್ಪು ಹೇಳಿಕೊಟ್ಟೆ."

ನಮ್ಮ ಬಸ್ಸು ಬಂದು ನಿಂತಿತು, ಕಂಡಕ್ಟರ್ ನಮ್ಮ ಕಡೆ ನೋಡಿದ, ಯಾರೂ ಏಳದಿದ್ದುದನ್ನು ಕಂಡು ಸೀಟಿ ಊದಿದ. ಅಕ್ಕ ಪ್ರಶ್ನೆಪತ್ರಿಕೆಯನ್ನು ಮಡಿಸಿದಳು, ಇನ್ನೊಂದು ಸಲ ಮಡಿಸಿದಳು, ಇನ್ನು ಮಡಿಸಲಾಗದಷ್ಟು ಚಿಕ್ಕದು ಮಾಡಿದಳು.

"ಹಾಗಾದ್ರೆ ಅದಕ್ಕೇನಾ ನೀನು ಹೊಡೆದುಹಾಕಿದ್ದು?" ಎಂದಳು.

"ಏನನ್ನ?"

"ನಿನ್ನ ಹಿಂದಿನ ಬೆಂಚೇ ಅಲ್ವೇನೋ ನಂದು. ನೀನು ಪುಟದ ತುಂಬ ಬರೆದಿದ್ದನ್ನ ಅಡ್ಡ ಗೆರೆ ಎಳೆದು ಹೊಡೆದುಹಾಕಿದ್ದು ಕಾಣಿಸ್ತು. ದಿಗಿಲಾಯ್ತು ನಂಗೆ. ಪಾಪ, ಹುಡುಗ ಗಾಬರಿಯಲ್ಲಿ ಸರಿ ಇದ್ದಿದ್ದನ್ನ ಅಳಿಸ್ತಾ ಇದಾನೆ, ನಮಗೆಲ್ಲ ಕಲಿಸಿದವನೇ ಮರೆತುಬಿಟ್ನಲ್ಲಾ ಅಂತ. ಬೆನ್ನಿಗೆ ಪೆನ್ನಲ್ಲಿ ತಿವಿದು, 'ಬೇಡ ಕಣೋ, ಅದು ಸರಿಯಾಗೇ ಇದೆ' ಅನ್ನೋಣ ಅಂದ್ಕೊಂಡೆ. ಮೇಲ್ವಿಚಾರಕಿ ನನ್ನನ್ನೇ ನೋಡ್ತಾ ಇದ್ದಳು, ಅದಕ್ಕೆ ಸುಮ್ನಾದೆ. ಆಮೇಲೆ ಪರೀಕ್ಷೆ ಮುಗಿಯೋವರೆಗೂ ನಿಂದೇ ಚಿಂತೆ ನಂಗೆ."

ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಅವನನ್ನು ಹತ್ತಿರಕ್ಕೆಳೆದುಕೊಂಡು, ಆ ಸುಕ್ಕುಗಟ್ಟಿದ ಕೈಯಲ್ಲಿ ಬೆನ್ನು ಸವರುತ್ತಾ, "ಹೋಗ್ಲಿ ಬಿಡೋ, ನೀನೇನು ಬೇಕಂತ ಮಾಡಿದ್ಯಾ, ಹೋಗ್ಲಿ ಬಿಡು" ಎನ್ನುತ್ತಿದ್ದಳು. ಅಯ್ಯೋ ನೀರಿನ ಬಾಟಲಿಯ ಮುಚ್ಚಳ ತೆಗೆದು ಮೇಷ್ಟ್ರ ಕಡೆ ಚಾಚಿದ. ನಾನೂ ಬಗ್ಗಿ ಅವನ ಕೈಯಿಂದ ಜಾರಿದ ಪೆನ್ನು ಎತ್ತಿಕೊಟ್ಟೆ, ಅಳಬೇಡ ಎಂದೆ. ಅಕ್ಕನನ್ನು ಸಮಾಧಾನ ಮಾಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.