ಕದ್ರಿಯ ಮೇಜರ್ ಕೊಟ್ಟ ಮಾತು

ಸೇನೆಯಲ್ಲಿ ಡಾಕ್ಟರಾಗಿದ್ದಾಗ ಗಡಿಯ ಆಸ್ಪತ್ರೆಗಳಲ್ಲಿ ಮೋಹನದಾಸ ಗುಂಡೇಟು ತಿಂದವರಿಗಿಂತ ಹೆಚ್ಚಾಗಿ ನೋಡಿದ್ದು ನಿದ್ದೆ ಬಾರದ ಜವಾನರನ್ನು. ಅವರ ದೆಸೆಯಿಂದಲೇ ಮನೋವೈದ್ಯಕೀಯ ಓದಿದ. ನಿವೃತ್ತನಾಗಿ ಊರಿಗೆ ಬಂದು ಕದ್ರಿಯಲ್ಲಿ ಕ್ಲಿನಿಕ್ ತೆರೆದ. ಮನೋವೈದ್ಯರೆಂದು ಬರೆದ ಬೋರ್ಡಿನ ಕೆಳಗೆ ಯಾರೂ ಚಪ್ಪಲಿ ಬಿಡಲಿಲ್ಲ. 'ಮೇಜರ್ ಮೋಹನದಾಸ' ಎಂದಷ್ಟೇ ಬರೆಸಿದ ಮೇಲೆ ಜನ ಬಂದರು.

"ಅರ್ಧ ಜನ ಮಿಲಿಟ್ರಿಗೆ ಸೇರ್ಲಿಕ್ಕೆ ಬರುದಾ ಎಂತ ಮಾರಾಯ್ರೇ?" ಎಂದು ಹೆಂಡತಿ ಕುಶಲಾ ಚುಡಾಯಿಸುತ್ತಿದ್ದಳು.

ಕಾಟಿಪಳ್ಳದ ರುಖಿಯಾ ತನ್ನ ಮಗ ಅಝರನನ್ನು ಕರೆತಂದದ್ದು ಹಾಗೆಯೇ. ಕೊಲ್ಲಿ ದೇಶದ ದಮ್ಮಾಮಿನ ಕೆಲಸ ಬಿಟ್ಟು ಬಂದವನು ಕೋಣೆಯಿಂದ ಹೊರಬೀಳುತ್ತಿರಲಿಲ್ಲ. ಗೋಡೆಯಾಚೆ ಯಾರೋ ಮಾತಾಡುವುದು ಕೇಳಿಸುತ್ತಿತ್ತು. ಒಮ್ಮೆ ಬಾವಿಕಟ್ಟೆ ಹತ್ತಿದ್ದ. ಅವನನ್ನು ಹೊರಗೆ ಕೂರಿಸಿ, ಆಕೆ ಒಳಗೆ ಬಂದು ಇದನ್ನೆಲ್ಲ ಪಿಸುಗುಟ್ಟಿದಳು.

"ನೀವು ಸೆಕ್ಯುರಿಟಿ ಕೆಲಸ ಕೊಡಿಸ್ತೀರಿ ಅಂತ ಹೇಳಿ ಕರ್ಕೊಂಡು ಬಂದದ್ದು ಡಾಕ್ಟ್ರೇ. ಮಂಡೆಯ ಡಾಕ್ಟ್ರು ಅಂತ ಗೊತ್ತಾದ್ರೆ ಈಗಲೇ ಎದ್ದು ಹೋಗ್ತಾನೆ."

ಅಝರ್ ಒಳಗೆ ಬಂದವನೇ ನೆಟ್ಟಗೆ ನಿಂತ.

"ಸರ್, ಕೆಲಸ ನಿಜವಾಗಿ ಉಂಟಾ? ಇದು ನಾಟಕ ಅಂತ ಅವರು ಹೇಳ್ತಿದ್ದಾರೆ. ಉಮ್ಮ, ನೀವು, ಎಲ್ಲ ಒಟ್ಟು ಸೇರಿದ್ದೀರಂತೆ."

"ಯಾರು ಹೇಳುದು?"

"ಗೋಡೆಯಾಚೆಯವರು. ಇಲ್ಲಿಗೂ ಬಂದಿದ್ದಾರೆ."

ಹುಡುಗ ಬಾಗಿಲ ಕಡೆ ತಿರುಗಿದ. ಈಗ ಹೊರಟುಹೋದರೆ ಮತ್ತೆ ಬರಲಾರ, ಬಹುಶಃ ಉಳಿಯಲಾರ. ಮೋಹನದಾಸನ ಬಾಯಿಂದ ಪರೇಡಿನ ದನಿ ತಾನಾಗಿ ಹೊರಟಿತು.

"ಆರ್ಮಿಯವ ಸುಳ್ಳು ಹೇಳ್ತಾನಾ? ಕೆಲಸ ಉಂಟು. ಸುಳ್ಳು ಹೇಳುದು ಅವರು. ಮೊದಲು ಮೆಡಿಕಲ್ ಪಾಸಾಗಬೇಕು. ಈ ಮಾತ್ರೆ ಒಂದು ದಿನವೂ ತಪ್ಪಿಸ್ಬಾರ್ದು."

"ಯೆಸ್ ಸರ್."

ಆಜ್ಞೆಯೆಂದೇ ನುಂಗಿದ. ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಯಾಚೆಯ ಮಾತು ಸವೆಯುತ್ತ ನಿಂತೇ ಹೋಯಿತು. ಅಝರ್ ಗಡ್ಡ ಓರಣ ಮಾಡಿಸಿಕೊಂಡ, ಮನೆಯವರ ಜೊತೆ ಕೂತು ಉಂಡ. ಮಾವ ಕಮರುದ್ದೀನ್ ತನ್ನ ಬಟ್ಟೆ ಅಂಗಡಿಗೆ ಕರೆದಾಗ ಮಾತ್ರ ಒಪ್ಪಲಿಲ್ಲ. ಅವನಿಗೆ ಪೋಸ್ಟಿಂಗ್ ಬರಲಿಕ್ಕಿತ್ತು.

ಇನ್ನು ಆ ಸುಳ್ಳನ್ನು ಎಳೆಯುವುದು ಸಾಧ್ಯವಿರಲಿಲ್ಲ. ಹುಡುಗ ಗಟ್ಟಿಯಾಗಿದ್ದಾನೆ, ತಡೆದುಕೊಳ್ಳುತ್ತಾನೆ ಎಂದುಕೊಂಡ ಮೋಹನದಾಸ. ಎದುರು ಕೂರಿಸಿ ಕಾಯಿಲೆಯ ಹೆಸರು ಹೇಳಿದ, ಮಾತ್ರೆ ಯಾತಕ್ಕೆಂದು ಹೇಳಿದ, ಕೆಲಸ ಇರಲೇ ಇಲ್ಲವೆಂಬುದನ್ನೂ ಹೇಳಿದ.

ಅಝರ್ ಕೇಳಿದ.

"ಉಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದ್ರೆ ನನ್ನ ಹತ್ರ ನಿಜ ಹೇಳಿದ್ದು ಗೋಡೆಯಾಚೆಯವರು ಮಾತ್ರ. ಅಲ್ವಾ ಸರ್?"

ಕಾಯಿಲೆ ಬೇರೆ, ಇದು ಬೇರೆ ಎಂದು ಮೋಹನದಾಸ ಏನೋ ಹೇಳತೊಡಗಿದ. ಹುಡುಗ ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಹೊರಟುಹೋದ.

ಕೆಲವು ವಾರ ಕಳೆದು ರುಖಿಯಾ ಫೋನ್ ಮಾಡಿದಳು. ಮಾತ್ರೆ ಅಂದೇ ಬಿಟ್ಟಿದ್ದಾನೆ; ಈಗ ಮಾತ್ರೆ ಬೆರೆಸಿದ್ದಾಳೆಂದು ತಾಯಿ ಬಡಿಸಿದ್ದನ್ನೂ ಮುಟ್ಟುವುದಿಲ್ಲ. ಮೋಹನದಾಸ ಕಾಟಿಪಳ್ಳಕ್ಕೆ ಹೋದ. ಕೆನ್ನೆಯೆಲುಬು ಎದ್ದ ಅಝರ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ತಾಯಿ ಅನ್ನ, ಮೀನು ಸಾರಿನ ತಟ್ಟೆ ತಂದಿಟ್ಟಳು.

"ಇದರಲ್ಲಿ ಎಂತದೂ ಇಲ್ಲ ಅಝರ್. ನೋಡು, ನಾನೇ ತಿಂತೇನೆ."

ಮೋಹನದಾಸ ಕಲಸಿ ಬಾಯಿಗಿಟ್ಟ. ಹುಡುಗ ಅವನ ಗಂಟಲನ್ನೇ ದಿಟ್ಟಿಸಿದ, ತುತ್ತು ಇಳಿಯುವವರೆಗೂ ಕಾದ.

"ಉಮ್ಮಾ," ಅಂದ ಮೆಲ್ಲಗೆ, "ಈ ತಟ್ಟೆ ಇವರಿಗೆ ಅಂತಲೇ ಬೇರೆ ಪಾತ್ರೆಯಿಂದ ಬಡಿಸಿದ್ದಲ್ವಾ?"